ಹದಿನೇಳನೆಯ ಹೆಸರು

ಸೆಬೆಕ್ರೊ ನಗರಸಭೆಯ ಹೊರಾಂಗಣ ಫಲಕಗಳ ಹೊಸ ನಿಯಮಾವಳಿಯನ್ನು ಬರೆದವನು ನಾನು. ಪುಸ್ತಕದ ಮೇಲೆ ಅಧ್ಯಕ್ಷರ ಹೆಸರಿದೆ, ಒಳಗೆ ಎಂಟು ಮಂದಿ ಸದಸ್ಯರ ಸಹಿಯಿದೆ. ವಾಕ್ಯಗಳು ಮಾತ್ರ ನನ್ನವು. ಇಪ್ಪತ್ತೆರಡು ವರ್ಷ ಗುಮಾಸ್ತನಾಗಿ ಬೇರೆಯವರ ಸೊಟ್ಟ ಮಾತನ್ನು ನೆಟ್ಟಗೆ ಮಾಡಿ ಬರೆಯುತ್ತಾ ಕೂತವನಿಗೆ ಅದೊಂದು ಹೆಮ್ಮೆ ಉಳಿದಿತ್ತು. ಈಗ ಅದೂ ಇಲ್ಲ. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಅನ್ನಿಸಿಲ್ಲ, ಆದರೂ ಹೇಳುತ್ತೇನೆ.

ಹಳೆಯ ನಿಯಮ ಬಿಳಿಯರ ಕಾಲದ್ದು. ಅದರಲ್ಲಿದ್ದದ್ದು ಸೋಪಿನ ತಗಡು, ಬಿಯರಿನ ತಗಡು, ಅಷ್ಟೇ. ಈಗಿನ ಸೆಬೆಕ್ರೊ ನೋಡಿ. ಒಂದು ಕಂಬಕ್ಕೆ ಮೂವರು ಪಾದ್ರಿಗಳು ನೇತಾಡುತ್ತಾರೆ, ಅವರ ಕೆಳಗೆ ಮೂಲವ್ಯಾಧಿಯ ನಾಟಿ ವೈದ್ಯ, ಅವನ ಪಕ್ಕ ಕ್ಷೌರದ ಅಂಗಡಿಯ ಹನ್ನೆರಡು ತಲೆಗಳು. ಇವರೆಲ್ಲರನ್ನೂ ಮುಚ್ಚುವ ಹಾಗೆ ಸತ್ತವರು. ಯಾರಾದರೂ ತೀರಿಕೊಂಡರೆ ಹಾಸಿಗೆಯಷ್ಟು ಅಗಲದ ಹಲಗೆಯಲ್ಲಿ ಅವರ ಫೋಟೋ, ಹುಟ್ಟು-ಸಾವಿನ ದಿನ, ಮಣ್ಣು ಮಾಡುವ ದಿನ, ಆಮೇಲೆ ಹೆಸರುಗಳು. ಮನೆತನದ ಹಿರಿಯ ಯಾರು, ಮುಖ್ಯವಾಗಿ ದುಃಖಿಸುವವರು ಯಾರು, ಸೋದರಳಿಯರು, ಹೆಂಡತಿ, ಮಕ್ಕಳು. ನಲವತ್ತು, ಐವತ್ತು ಹೆಸರು. ಆ ಹೆಸರುಗಳಿಗಾಗಿಯೇ ಜನ ನಿಂತು ಓದುತ್ತಾರೆ. ಸತ್ತವನು ಯಾರು ಅನ್ನುವುದು ಹೇಗೂ ಗೊತ್ತಿರುತ್ತದೆ. ಅವನಿಗೆ ಯಾರ್‍ಯಾರು ಏನಾಗಬೇಕು ಅನ್ನುವುದು ಹಲಗೆ ಏರಿದ ಮೇಲೇ ತೀರ್ಮಾನ.

ಅಂಥದೊಂದು ಹಲಗೆ ವೃತ್ತದ ಹತ್ತಿರ 'ನಿಲ್ಲಿ' ಅನ್ನುವ ಫಲಕವನ್ನು ಮುಚ್ಚಿತ್ತು. ಒಂದು ವ್ಯಾನು ನಿಲ್ಲದೆ ನುಗ್ಗಿ, ಕಿತ್ತಳೆ ಮಾರುವ ಹೆಂಗಸಿನ ಕಾಲು ಮುರಿಯಿತು. ಊರೆಲ್ಲ ನಗರಸಭೆಗೆ ಛೀಮಾರಿ ಹಾಕಿತು. ಅಧ್ಯಕ್ಷರು ನನ್ನನ್ನು ಕರೆದು, "ಒಡೂರೊ, ಆ ಹಳೇ ಪುಸ್ತಕ ಹರಿದು ಬಿಸಾಕು, ಹೊಸದು ಬರಿ" ಅಂದರು.

ಆರು ಮಂಗಳವಾರ ಸಮಿತಿ ಕೂತಿತು. ಪಾದ್ರಿಗಳ ವಿಷಯಕ್ಕೆ ಎರಡು ಮಂಗಳವಾರ ಹೋಯಿತು, ಕ್ಷೌರದ ತಲೆಗಳಿಗೆ ಒಂದು. ಸತ್ತವರ ವಿಷಯ ಬಂದಾಗ ಮಾತ್ರ ಎಲ್ಲರೂ ಕಿಟಕಿಯ ಹೊರಗೆ ನೋಡತೊಡಗಿದರು. ಯಾರ ಬಾಯಿಂದ ಬಂದೀತು ಅದು? ನಾಳೆ ಅವರ ಮನೆಯಲ್ಲೂ ಸಾಯುತ್ತಾರೆ. ಕೊನೆಗೆ ನಾನೇ ಬಾಯಿ ಹಾಕಿದೆ. "ಹಲಗೆ ಅಳತೆ ಕಡಿಮೆ ಮಾಡಿದ್ರೆ ಸಾಲದು ಸಾರ್. ಐವತ್ತು ಹೆಸರು ಅದೇ ಚಿಕ್ಕ ಹಲಗೆಗೆ ತುರುಕ್ತಾರೆ. ಡ್ರೈವರು ಓದ್ತಾ ಓದ್ತಾ ಚರಂಡಿಗೆ ಇಳೀತಾನೆ. ಹೆಸರಿಗೇ ಲೆಕ್ಕ ಇಡಬೇಕು."

ಎಲ್ಲರೂ ನಕ್ಕರು. ಅಧ್ಯಕ್ಷರು, "ಎಷ್ಟಿಡ್ತೀಯ, ನೀನೇ ಹೇಳು" ಅಂದರು.

ನಾನು ಸುಮ್ಮನೆ ಬಾಯಿಗೆ ಬಂದ ಸಂಖ್ಯೆ ಹೇಳುವ ಮನುಷ್ಯನಲ್ಲ. ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಆರಡಿ ಎತ್ತರ, ನಾಲ್ಕಡಿ ಅಗಲದ ಚೌಕ ಗೀಚಿದೆ. ಮೇಲೆ ಫೋಟೋಗೆ ಜಾಗ ಬಿಟ್ಟೆ. ರಸ್ತೆಯ ಆಚೆಗೆ ನಿಂತರೂ ಕಾಣುವ ಹಾಗೆ ಮೂರು ಬೆರಳು ಎತ್ತರದ ಅಕ್ಷರದಲ್ಲಿ ಸಾಲು ಬರೆಯುತ್ತಾ ಹೋದೆ. ಹದಿನಾರು ಸಾಲಿಗೆ ಚೌಕ ತುಂಬಿತು. ಅಳತೆಪಟ್ಟಿಯ ಆ ತುದಿ ಹಿಡಿದಿದ್ದವಳು ನಮ್ಮ ಟೈಪಿಸ್ಟ್ ದುಫಿಯೆ.

"ಸಾರ್, ನಮ್ಮ ಜನ ಹದಿನಾರಕ್ಕೆ ನಿಲ್ತಾರಾ? ನಮ್ಮ ಬೀದೀಲಿ ಕುರಿ ಸತ್ರೂ ಇಪ್ಪತ್ತು ಜನ ಬಂಧುಗಳು ಬರ್ತಾರೆ" ಅಂದಳು.

"ಯಾರ ಹೆಸರು ಹಾಕ್ಬೇಕು, ಯಾರದು ಬಿಡ್ಬೇಕು ಅನ್ನೋದು ಮನೆಯವರ ತಲೆನೋವು ಕಣಮ್ಮ. ನಗರಸಭೆ ಅದಕ್ಕೆ ಮೂಗು ತೂರಿಸಲ್ಲ" ಅಂದೆ. ಸಂಜೆ ಅವಳೇ ಅದನ್ನು ಟೈಪು ಮಾಡಿದಳು. ಹದಿನಾಲ್ಕನೆಯ ಕಲಮು: ಒಬ್ಬ ಮೃತರಿಗೆ ಒಂದೇ ಹಲಗೆ. ಹೆಸರು ಹದಿನಾರನ್ನು ಮೀರಬಾರದು. ಏರಿಸಿದ ಹಲಗೆಯನ್ನು ಬದಲಿಸಬೇಕಾದರೆ ಹೊಸ ಪರವಾನಗಿ, ಅದಕ್ಕೆ ಐದು ಕೆಲಸದ ದಿನ. ವಿನಾಯಿತಿ ಅರಸುಮನೆತನದವರಿಗೆ ಮಾತ್ರ. ಓದಿ ನೋಡಿದೆ. ಒಂದು ಅಲ್ಪವಿರಾಮವನ್ನೂ ಅಲ್ಲಾಡಿಸುವ ಹಾಗಿರಲಿಲ್ಲ.

ದುಫಿಯೆ ಬಗ್ಗೆ ಹೇಳಬೇಕು. ಮೂವತ್ತನಾಲ್ಕು ವರ್ಷ, ಇಬ್ಬರು ಗಂಡುಮಕ್ಕಳು. ಕಚೇರಿಯಲ್ಲಿ ಅವಳ ಬಾಯಿಗೆ ಸಿಕ್ಕಿ ತಪ್ಪಿಸಿಕೊಂಡವರಿಲ್ಲ. ಅಧ್ಯಕ್ಷರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸಿ, ಅವರು ತಿರುಗುವಷ್ಟರಲ್ಲಿ ಫೈಲು ಹುಡುಕುತ್ತಿರುತ್ತಿದ್ದಳು. ಅವಳ ಅಮ್ಮ ಮೆಥೊಡಿಸ್ಟ್ ಶಾಲೆಯ ಗೇಟಿನಲ್ಲಿ ಸುಟ್ಟ ಬಾಳೆಕಾಯಿ ಮಾರುತ್ತಿದ್ದವಳು. ಅಪ್ಪ ಅದೇ ಶಾಲೆಯ ಹೆಡ್‌ಮೇಷ್ಟ್ರು ಅಗ್ಯೆಕುಮ್. ಊರಿನ ಅರ್ಧ ಜನಕ್ಕೆ ಬೆತ್ತದ ರುಚಿ ತೋರಿಸಿದವರು, ಅಧ್ಯಕ್ಷರಿಗೂ, ನನಗೂ. ಇಗರ್ಜಿಯಲ್ಲಿ ಮದುವೆಯಾದ ಹೆಂಡತಿ ಮನೆಯಲ್ಲಿದ್ದಳು, ನಾಲ್ಕು ಮಕ್ಕಳಿದ್ದವು. ಆದರೂ ದುಫಿಯೆ ಹುಟ್ಟಿದ ಎಂಟನೆಯ ದಿನ ಮೇಷ್ಟ್ರು ಬೆಳಗಾಗುವ ಮುಂಚೆ ಬಾಳೆಕಾಯಿಯವಳ ಮನೆಗೆ ಹೋಗಿ, ಮಗುವಿನ ನಾಲಗೆಗೆ ನೀರು ಮುಟ್ಟಿಸಿ ಹೆಸರಿಟ್ಟು ಬಂದಿದ್ದರು. ನಮ್ಮಲ್ಲಿ ಹೆಸರಿಡುವವನು ತಂದೆ. ಇಟ್ಟ ಅಂದರೆ ಮಗು ನನ್ನದು ಎಂದು ಒಪ್ಪಿದ ಹಾಗೆ. ಇಟ್ಟದ್ದು ಬೇರೆ ಯಾವುದೋ ಹೆಸರಲ್ಲ, ಸ್ವಂತ ತಾಯಿಯದು. ಅದನ್ನು ನೋಡಿದವರು ಮಾತ್ರ ಮೂವರು. ಅವರಲ್ಲಿ ಇಬ್ಬರು ಸತ್ತಿದ್ದರು.

ನಿಯಮ ಜಾರಿಗೆ ಬಂದ ಎರಡನೆಯ ತಿಂಗಳು ಮೇಷ್ಟ್ರು ತೀರಿಕೊಂಡರು. ದುಫಿಯೆ ಮೂರು ದಿನ ಕಚೇರಿಗೆ ಬರಲಿಲ್ಲ. ನಾಲ್ಕನೆಯ ದಿನ ಬಂದು ಸುಮ್ಮನೆ ಟೈಪು ಮಾಡಿದಳು. ಎಂಟನೆಯ ದಿನದ ಕೂಟಕ್ಕೆ ನಾನೂ ಹೋಗಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಕೆಂಪು-ಕಪ್ಪು ಬಟ್ಟೆಯ ಜನ. ಮನೆತನದ ಹಿರಿಯ ಒಪಾನಿನ್ ನ್ತಿ, ಮೇಷ್ಟ್ರ ಒಡಹುಟ್ಟಿದ ಅಣ್ಣ, ಮೈಕಿನಲ್ಲಿ ಮಣ್ಣಿನ ದಿನ ಹೇಳಿ, ಹಲಗೆಗೆ ಹೋಗುವ ಹೆಸರುಗಳನ್ನು ಓದಿದರು. ಮೊದಲು ತಾವು, ಆಮೇಲೆ ಮನೆತನದ ಹಿರಿಯ ಹೆಂಗಸು, ಸೋದರಳಿಯರು ಆರು ಮಂದಿ, ಹೀಗೆ. ನಮ್ಮಲ್ಲಿ ಸತ್ತವನು ತಾಯಿಯ ಕಡೆಯವರಿಗೆ ಸೇರಿದವನು. ಹೆಂಡತಿ ಮಕ್ಕಳು ಕೊನೆಗೆ. ಹೆಂಡತಿ ಹನ್ನೆರಡನೆಯವಳು. ಮಕ್ಕಳು ನಾಲ್ಕು. ಹದಿನಾರು. ಮೈಕು ಆರಿತು. ಸಾವಿನ ಮನೆಗೆ ಮಕ್ಕಳು ಕೊಡುವ ವಾಡಿಕೆಯಂತೆ ದುಫಿಯೆ ತಂದಿದ್ದ ಮದ್ಯದ ಬಾಟಲಿಯನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ, ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು.

ಮಾರನೆಯ ದಿನ ನನ್ನ ಮೇಜಿನ ಮುಂದೆ ನಿಂತಳು. "ಸಾರ್, ನಾನು ಮನೆ ಕೇಳ್ತಿಲ್ಲ, ತೋಟ ಕೇಳ್ತಿಲ್ಲ. ಅವರ ಪಾಡಿಗೆ ಅವರಿರ್ಲಿ. ನನ್ನ ಮಕ್ಕಳು ಶಾಲೇಲಿ ಅಜ್ಜನ ಹೆಸರು ಹೇಳಿದ್ರೆ ಹುಡುಗರು ನಗ್ತಾರೆ. ಒಂದೇ ಒಂದು ಸಾಲು ಸಾರ್. ಓದ್ಲಿ, ಬಾಯಿ ಮುಚ್ಕೊಳ್ಲಿ."

"ಅವರೇನಂತಾರೆ?"

"ಏನಂತಾರೆ! ನಿಮ್ಮ ಪುಸ್ತಕ ತೋರಿಸ್ತಾರೆ. ಮೊದಲಾಗಿದ್ರೆ ಐವತ್ತು ಹೆಸರಲ್ಲಿ ನಿಂದೂ ಒಂದು ಹೋಗ್ತಿತ್ತು ಕಣಮ್ಮ, ಈಗ ನಗರಸಭೆ ಬಿಡಲ್ಲ ಅಂತಾರೆ."

ನನಗೆ ಕೆನ್ನೆಗೆ ಹೊಡೆಸಿಕೊಂಡ ಹಾಗಾಯಿತು. ಅಂದೇ ಅವಳ ಜೊತೆ ಒಪಾನಿನ್ ನ್ತಿ ಅವರ ಮನೆಗೆ ಹೋದೆ. ಮುದುಕರು ನೀರು ಕೊಟ್ಟರು, ಬಂದ ಕಾರಣ ಕೇಳಿದರು, ಸಮಾಧಾನವಾಗಿಯೇ ಕೇಳಿಸಿಕೊಂಡರು. ಪಕ್ಕದಲ್ಲಿ ಅಸಿಬೆ ಇದ್ದ. ಮೇಷ್ಟ್ರ ಸೋದರಳಿಯ, ಹ್ಯಾಂಬರ್ಗಿನಿಂದ ಬಂದವನು. ಮಣ್ಣಿನ ಖರ್ಚೆಲ್ಲ ಅವನದೇ.

"ಗುಮಾಸ್ತರೇ, ಯಾರ ಹೆಸರು ತೆಗೀಲಿ, ನೀವೇ ಬೆರಳಿಡಿ" ಎಂದು ಅಸಿಬೆ ಪಟ್ಟಿಯನ್ನು ನನ್ನ ಮುಂದೆ ಇಟ್ಟ. "ನಂದು ತೆಗೀಲಾ? ಇಲ್ಲ, ಹೆಂಡ್ತೀದು ತೆಗೀಲಾ? ಪುಸ್ತಕ ಬರೆಯೋವಾಗ ಯೋಚನೆ ಇರಲಿಲ್ವಾ?"

ನನ್ನ ಬೆರಳು ಎಲ್ಲೂ ಹೋಗಲಿಲ್ಲ. ಒಪಾನಿನ್ ಮಾತ್ರ ದುಫಿಯೆಯನ್ನೇ ನೋಡುತ್ತಿದ್ದರು.

"ನಿನ್ನ ಪೂರ್ತಿ ಹೆಸರೇನಮ್ಮ?"

"ಅಕುವಾ ದುಫಿಯೆ, ಅಪ್ಪಾಜಿ."

"ಅದನ್ನ ಇಟ್ಟೋರು ಯಾರು?"

"ನಿಮ್ಮ ತಮ್ಮ."

ಮುದುಕರು, "ಅದು ನನ್ನ ಅಮ್ಮನ ಹೆಸರು" ಅಂದರು. ಅಷ್ಟು ವರ್ಷ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಕೇಳಿರಲಿಲ್ಲವೋ, ನಾನು ಹೇಳಲಾರೆ. "ಗುಮಾಸ್ತರೇ, ಹದಿನೇಳು ಹಾಕಿದ್ರೆ ನಿಮ್ಮೋರು ಏನು ಮಾಡ್ತಾರೆ?"

ಆಗ ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ ಮಾಡಿದೆ. "ಹಾಕಿ ಯಜಮಾನ್ರೆ. ಒಂದು ಸಾಲು ಯಾರು ಎಣಿಸ್ತಾರೆ? ನಾನು ನೋಡ್ಕೋತೀನಿ" ಅಂದೆ.

ಅಸಿಬೆ, "ಮಾವಾ, ನಂಗಿದು ಸರಿ ಕಾಣಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡಿ" ಎಂದು ಎದ್ದುಹೋದ.

ನಾನು ನೇರ ದಾರಿಯಲ್ಲೂ ಹೋಗಿ ನೋಡಬಹುದಿತ್ತು ಅನ್ನುತ್ತೀರೇನೋ. ಹೋದೆ. ಮಾರನೆಯ ಬೆಳಿಗ್ಗೆ ಅಧ್ಯಕ್ಷರ ಮುಂದೆ ನಿಂತು, ಒಂದು ಹೆಸರಿಗೆ ವಿನಾಯಿತಿ ಕೊಡಲು ಬರುತ್ತದೆಯೇ ಎಂದು ಕೇಳಿದೆ. "ಕಲಮು ನೀನೇ ಬರೆದೆ, ಈಗ ತೂತೂ ನೀನೇ ಕೊರೀತೀಯಾ? ಎರಡನೇ ತಿಂಗಳಿಗೇ ನಮ್ಮ ಟೈಪಿಸ್ಟಿಗೆ ವಿನಾಯಿತಿ ಕೊಟ್ರೆ ಊರು ನನ್ನ ಮುಖಕ್ಕೆ ಉಗಿಯುತ್ತೆ" ಅಂದರು. ತಿದ್ದುಪಡಿ ತರಬೇಕಾದರೆ ಮೂರು ಸಭೆ, ಗೆಜೆಟ್ಟು, ಆರು ತಿಂಗಳು. ಮೇಷ್ಟ್ರು ಶೀತಲ ಪೆಟ್ಟಿಗೆಯಲ್ಲಿ ಇನ್ನು ಹದಿನೇಳು ದಿನ ಮಾತ್ರ ಇರುವವರು. ಹದಿನೇಳು ಹಾಕಿ ಎಂದು ಆಗಲೇ ಹೇಳಿ ಬಂದದ್ದನ್ನು ಮಾತ್ರ ನಾನು ಎತ್ತಲಿಲ್ಲ.

ಮಣ್ಣಿನ ವಾರದ ಗುರುವಾರ ಹಲಗೆ ಏರಿತು. ಮಧ್ಯಾಹ್ನ ದುಫಿಯೆ ಬೇಯಿಸಿದ ಕಡಲೆಕಾಯಿಯ ದೊಡ್ಡ ಪೊಟ್ಟಣ ಹಿಡಿದು ಬಂದು, ಕಾವಲುಗಾರನಿಂದ ಹಿಡಿದು ಎಲ್ಲರಿಗೂ ಹಂಚಿದಳು. "ಕೊನೇ ಸಾಲು ಸಾರ್, ಹೆಂಡ್ತಿ ಮಕ್ಕಳ ಕೆಳಗೆ. ಅಕ್ಷರ ಸ್ವಲ್ಪ ಸಣ್ಣ. ಇರ್ಲಿ! ವ್ಯಾನಿಂದ ಇಳಿದು ಕಾಲು ಗಂಟೆ ನಿಂತಿದ್ದೆ. ಒಬ್ಬ ಮುದುಕ ಜೋರಾಗಿ ಓದ್ತಿದ್ದ, ನನ್ನ ಹೆಸರೂ ಓದಿದ. ಇನ್ನೊಂದು ಸಲ ಓದು ತಾತಾ ಅಂದೆ, ಓದಿದ!" ಶನಿವಾರ ಮಕ್ಕಳಿಗೆ ಕಪ್ಪು ಬಟ್ಟೆ ಹಾಕಿಸಿ ಹಲಗೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಸುತ್ತಾಳಂತೆ. ಸಂಜೆಯವರೆಗೂ ಟೈಪು ಮಾಡುತ್ತಾ ಏನೋ ಗುನುಗುತ್ತಿದ್ದಳು.

ನನಗೆ ಒಂದೇ ಅಳುಕು. ಶುಕ್ರವಾರ ಪ್ರಾಂತ್ಯದ ಕಚೇರಿಯಿಂದ ಇಬ್ಬರು ಅಧಿಕಾರಿಗಳು ಬರುವವರಿದ್ದರು. ಹೊಸ ನಿಯಮದಿಂದ ಊರು ಹೇಗೆ ಚೊಕ್ಕಟವಾಗಿದೆ ಎಂದು ಅಧ್ಯಕ್ಷರು ಅವರನ್ನು ಜೀಪಿನಲ್ಲಿ ಸುತ್ತಿಸಿ ತೋರಿಸುವ ಏರ್ಪಾಡು. ಅದಕ್ಕೆ ಮುಂಚೆ ನಮ್ಮ ತೆರವು ದಳ ಲಾರಿಯಲ್ಲಿ ಹೋಗಿ, ನಿಯಮ ಮೀರಿದ್ದನ್ನೆಲ್ಲ ಕಿತ್ತು ತರಬೇಕು. ದಳದ ಮುಖ್ಯಸ್ಥ ಅಡೊಮಾಕೊ. ಹೇಳಿದ ಕೆಲಸ ಬಿಡದೆ ಮಾಡುವ ಮನುಷ್ಯ, ಒಳ್ಳೆಯವನು. ಅವನನ್ನು ಲಾರಿಯ ಹತ್ತಿರ ಹಿಡಿದು ಹೇಳಿದೆ:

"ಅಡೊಮಾಕೊ, ಮೆಥೊಡಿಸ್ಟ್ ಶಾಲೆ ಕವಲಲ್ಲಿ ಮೇಷ್ಟ್ರ ಹಲಗೆ ಇದೆ. ಅದನ್ನ ಕೀಳ್ಬೇಡ, ತಿಳೀತಾ? ದುಫಿಯೆ ಅಪ್ಪ ಅವರು."

"ಅಯ್ಯೋ, ನಮ್ಮ ದುಫಿಯೆ ಅಪ್ಪಾನಾ? ಕೀಳಲ್ಲ ಸಾರ್. ನನ್ನ ತಲೆ ಮೇಲೆ ಕೈ ಇಟ್ಟು ಹೇಳ್ತೀನಿ, ಕೀಳಲ್ಲ."

ಶುಕ್ರವಾರ ಮಧ್ಯಾಹ್ನ ಜೀಪು ವಾಪಸ್ಸು ಬಂತು. ಅಧಿಕಾರಿಗಳು ನನ್ನ ಕೈ ಕುಲುಕಿ, ಹದಿನಾಲ್ಕನೆಯ ಕಲಮನ್ನು ತಮ್ಮ ಊರಿಗೂ ಬರೆದುಕೊಡಬೇಕು ಅಂದರು. ಅಡೊಮಾಕೊ ಲಾರಿಯ ಪಕ್ಕದಲ್ಲಿ ಕೈ ತೊಳೆಯುತ್ತಿದ್ದ. ನನ್ನನ್ನು ಕಂಡು ಹಲ್ಲು ಬಿಟ್ಟ.

"ನಿಮ್ಮ ಮಾತು ಉಳಿಸ್ದೆ ಸಾರ್. ಎಣಿಸಿದ್ರೆ ಹದಿನೇಳಿತ್ತು! ಅಧ್ಯಕ್ಷರು ಅದೇ ದಾರೀಲಿ ಬರ್ತಾರೆ, ಎಣಿಸಿದ್ರೆ ನನ್ನ ಕೆಲಸ ಹೋಯ್ತು. ಕೀಳೋಣ ಅಂದ್ರೆ ನೀವು ಬೇಡ ಅಂದಿದೀರಿ. ಅದೂ ಅಲ್ದೆ ಸತ್ತೋರ ಮುಖ ಇರೋ ಹಲಗೇನ ಲಾರಿಗೆ ಎಸೆಯೋದಾ, ನಂಗೂ ಮಕ್ಕಳಿದಾರೆ. ಅದಕ್ಕೆ ಕೊನೇ ಸಾಲಿಗೆ ಕರಿ ಬಣ್ಣ ಬಳಿದ್ಬಿಟ್ಟೆ. ನೀಟಾಗಿ, ಪಟ್ಟಿ ಇಟ್ಟು ಬಳಿದಿದೀನಿ. ಹದಿನಾರಕ್ಕೆ ಸರಿಹೋಯ್ತು. ಮೇಷ್ಟ್ರ ಮುಖಕ್ಕೆ ಒಂದು ಹನೀನೂ ಬಿದ್ದಿಲ್ಲ."

ಅವನನ್ನು ಬೈಯಬೇಕೆಂದು ಬಾಯಿ ತೆರೆದೆ. ಏನೆಂದು ಬೈಯಲಿ? ಅವನು ನಿಯಮ ಪಾಲಿಸಿದ್ದ, ನನ್ನ ಮಾತನ್ನೂ ಪಾಲಿಸಿದ್ದ. ದುಫಿಯೆಯ ಹೆಸರು ಆ ಸಾಲಿನಲ್ಲಿರುವುದು ಓದು ಬಾರದ ಅವನಿಗೆ ಗೊತ್ತಿರಲಿಲ್ಲ. ಅವನಿಗೆ ಎಣಿಕೆ ಮಾತ್ರ ಬರುತ್ತಿತ್ತು, ಮತ್ತು ನಾನು ಬರೆದದ್ದೂ ಎಣಿಕೆಯನ್ನೇ.

ನಮ್ಮಲ್ಲಿ ಹೆಸರು ಬಿಟ್ಟುಹೋದರೆ ಮರೆತರು ಎನ್ನಬಹುದು, ಜಾಗ ಸಾಲಲಿಲ್ಲ ಎನ್ನಬಹುದು. ಬರೆದ ಹೆಸರಿಗೆ ಕಪ್ಪು ಬಳಿದರೆ ಅದಕ್ಕೆ ಬೇರೆ ಅರ್ಥವೇ ಇಲ್ಲ. ಮನೆತನದವರು ಆ ಮನುಷ್ಯನನ್ನು ಹೊರಗೆ ಹಾಕಿದರು ಎಂದೇ.

ಸೀಮೆಎಣ್ಣೆಯ ಬಾಟಲಿ, ಹಳೆಯ ಬಟ್ಟೆ ಹಿಡಿದು ಕವಲಿಗೆ ಓಡಿದೆ. ನಾಲ್ಕು ಗಂಟೆ, ಬಿಸಿಲು ಇನ್ನೂ ಹಲಗೆಯ ಮೇಲೇ ಇತ್ತು. ಮೇಷ್ಟ್ರು ಕನ್ನಡಕದೊಳಗಿಂದ ನೋಡುತ್ತಿದ್ದರು. ಕೆಳಗೆ ಹದಿನಾರು ಹೆಸರು, ಅದರ ಕೆಳಗೆ ಗೆರೆ ಎಳೆದ ಹಾಗೆ ನೇರವಾದ ಕಪ್ಪು. ಮಂಡಿಯೂರಿ ಕೂತು ಉಜ್ಜಿದೆ. ಕಪ್ಪು ಕರಗಿತು. ಅದರ ಜೊತೆಗೇ ಅಡಿಯ ಅಚ್ಚಿನ ಬಣ್ಣವೂ ಬಟ್ಟೆಗೆ ಬಂತು. ಮೊದಲ ಎರಡು ಅಕ್ಷರ ಇದ್ದ ಜಾಗದಲ್ಲಿ ಬೂದು ಕಲೆ ಮಾತ್ರ ಉಳಿಯಿತು. ಕೈ ನಿಲ್ಲಿಸಿದೆ.

"ಸಾರ್?"

ಹಿಂದೆ ದುಫಿಯೆ ನಿಂತಿದ್ದಳು, ಹೆಗಲಿಗೆ ಚೀಲ, ಕೈಯಲ್ಲಿ ಮಕ್ಕಳ ಇಸ್ತ್ರಿ ಮಾಡಿದ ಕಪ್ಪು ಅಂಗಿಗಳು. ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು, ಹಲಗೆ ನೋಡಿದಳು. "ನೀವಾ ಸಾರ್?" ಅಂದಳು.

ಎಲ್ಲವನ್ನೂ ಹೇಳಿದೆ. ಅಡೊಮಾಕೊನಿಗೆ ನಾನು ಹೇಳಿದ ಮಾತನ್ನೂ ಹೇಳಿದೆ. ಅವಳು ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ಬಿಡಿ ಸಾರ್. ಇನ್ನೂ ಉಜ್ಜಿದ್ರೆ ಮೇಲಿನ ಹೆಸರಿಗೂ ಹತ್ತುತ್ತೆ. ಅವರು ಸುಮ್ನೆ ಬಿಡಲ್ಲ" ಅಂದಳು.

ಅವಳನ್ನು ವ್ಯಾನು ಹತ್ತಿಸಿ ಒಪಾನಿನ್ ಮನೆಗೆ ಹೋದೆ. ಅಂಗಳದಲ್ಲಿ ಅಡುಗೆಯ ಹಂಡೆಗಳು ಇಳಿಯುತ್ತಿದ್ದವು. ಮುದುಕರಿಗೆ ಸುದ್ದಿ ಮುಟ್ಟಿತ್ತು.

"ನನ್ನ ಅಮ್ಮನ ಹೆಸರಿಗೆ ಮಸಿ ಬಳಿದ್ರಲ್ಲಯ್ಯ" ಅಂದರು. ದನಿಯಲ್ಲಿ ಕೋಪ ಇರಲಿಲ್ಲ, ಸುಸ್ತು ಇತ್ತು.

"ಹೊಸ ಹಲಗೆ ಮಾಡಿಸೋಣ ಯಜಮಾನ್ರೆ. ರಾತ್ರಿಯೆಲ್ಲ ಕೂತು ಮಾಡಿಸ್ತೀನಿ."

ಅಸಿಬೆ ಒಳಗಿಂದ ಬಂದ. "ಒಬ್ಬರಿಗೆ ಒಂದೇ ಹಲಗೆ. ಬದಲಿಸೋಕೆ ಐದು ದಿನ. ಬಾಯಿಪಾಠ ಮಾಡಿಟ್ಟಿದೀನಿ ಗುಮಾಸ್ತರೇ. ನಿಮ್ಮ ಲಾರಿ ಬಂದು ಇದನ್ನೂ ಎತ್ಕೊಂಡು ಹೋದ್ರೆ ನಾಳೆ ಮಾವ ಹಲಗೇನೇ ಇಲ್ದೆ ಮಣ್ಣಿಗೆ ಹೋಗ್ಬೇಕಾ?"

"ಹಾಗಾದ್ರೆ ಮೈಕಲ್ಲಿ ಅವಳ ಹೆಸರು ಒಂದ್ಸಲ ಹೇಳಿ ಯಜಮಾನ್ರೆ. ಒಂದೇ ಸಲ."

ಮುದುಕರು ತಲೆಯಾಡಿಸಿದರು. "ಬರೆದ್ರು, ಅಳಿಸಿದ್ರು, ಆಮೇಲೆ ಕೂಗಿ ಹೇಳಿದ್ರು ಅಂದ್ರೆ ಮನೆಯೊಳಗೆ ಜಗಳ ಅಂತ ಊರು ಮಾತಾಡುತ್ತೆ. ನನ್ನ ತಮ್ಮನ ಹೆಂಡ್ತಿ ಮೂರು ದಿನದಿಂದ ಊಟ ಮಾಡಿಲ್ಲ. ಹೆಣದ ಮುಂದೆ ಜಗಳ ಬೇಡ. ಆ ಹುಡುಗಿ ಬರ್ಲಿ. ಬಂದು ಅತಿಥಿಗಳ ಜೊತೆ ಕೂತ್ಕೊಳ್ಲಿ." ಅವರ ಕಣ್ಣು ತುಂಬಿತ್ತು. ಅಷ್ಟರಲ್ಲಿ ಯಾರೋ ಕುರ್ಚಿ ಎಷ್ಟು ಬೇಕೆಂದು ಕೇಳಿದರು, ಅವರು ಆ ಕಡೆಗೆ ತಿರುಗಿದರು.

ಶನಿವಾರ ಬೆಳಿಗ್ಗೆ ಊರೇ ಬಂದಿತ್ತು. ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು ಕವಲಿನ ಹಲಗೆಯ ಮುಂದಿನಿಂದಲೇ ಸಾಲಾಗಿ ಒಳಗೆ ಹೋಗುತ್ತಿದ್ದರು. ನಿಂತು ಓದಿ, ಫೋಟೋ ತೆಗೆಸಿಕೊಂಡು, ಮುಂದೆ ಸರಿಯುತ್ತಿದ್ದರು. ದುಫಿಯೆ ಒಬ್ಬಳೇ ಬಂದಿದ್ದಳು, ಮಕ್ಕಳನ್ನು ಕರೆತಂದಿರಲಿಲ್ಲ. ನಾನು ಅವಳ ಹಿಂದೆ ನಿಂತೆ. ಬಿಸಿಲು ಜಾಸ್ತಿ ಅಂದೆ. ಹೌದು ಸಾರ್ ಅಂದಳು.

ಹಲಗೆ ಹತ್ತಿರ ಬಂದಾಗ ಅವಳ ಮುಂದಿದ್ದ ಒಬ್ಬ ದಪ್ಪ ಹೆಂಗಸು, ಬೇರೆ ಊರಿನಿಂದ ಬಂದವಳು, ಬಗ್ಗಿ ಆ ಕಪ್ಪನ್ನು ನೋಡಿದಳು. ಬೆರಳಿನಿಂದ ಮುಟ್ಟಿಯೂ ನೋಡಿದಳು.

"ಇಲ್ನೋಡು ತಾಯಿ, ಒಬ್ಬರದನ್ನ ಬಳಿದೇ ಬಿಟ್ಟಿದಾರೆ! ಉಜ್ಜಿ ಬೇರೆ ನೋಡಿದಾರೆ. ಏನು ಮಾಡಬಾರದ್ದು ಮಾಡಿತ್ತೋ ಆ ಜೀವ. ಮೇಷ್ಟ್ರಂಥ ದೇವರಂಥ ಮನುಷ್ಯನ ಹಲಗೇಲಿ ಹೀಗಾಗ್ಬೇಕಾದ್ರೆ ಸಾಮಾನ್ಯದ ತಪ್ಪಾಗಿರಲ್ಲ."

ಸಾಲು ಮುಂದೆ ಹೋಗುತ್ತಿರಲಿಲ್ಲ. ಆ ಹೆಂಗಸು ತಿರುಗಿ ದುಫಿಯೆಯ ಮುಖವನ್ನೇ ನೋಡುತ್ತಾ ಕೇಳಿದಳು: "ನೀನು ಈ ಊರಿನವಳ ಹಾಗೆ ಕಾಣ್ತೀಯ. ಯಾರದಮ್ಮ ಅದು?"

ನಾನು ಹೇಳಬಹುದಿತ್ತು. ಹೇಳಿದರೆ ಆ ಕಪ್ಪಿಗೆ ಒಂದು ಮುಖ ಕೊಟ್ಟ ಹಾಗಾಗುತ್ತಿತ್ತು, ಆ ಮುಖ ಅಲ್ಲೇ ನಿಂತಿತ್ತು.

ದುಫಿಯೆ ಹಲಗೆಯ ಕಡೆ ನೋಡಲಿಲ್ಲ. ಕಪ್ಪು ಮೇಲುಬಟ್ಟೆಯನ್ನು ಹೆಗಲ ಮೇಲೆ ಸರಿ ಮಾಡಿಕೊಂಡಳು.

"ಗೊತ್ತಿಲ್ಲ ಅಕ್ಕಾ," ಅಂದಳು. "ನಾನು ಈ ಮನೆಯವಳಲ್ಲ."